ಜಗಲಿಯಲ್ಲಿ ನಾನು ತೆಗೆದ ದನಿ

ನಿನ್ನನ್ನು ಬಯಲಿಗೆಳೆದವನು ನಾನು. ಮೇಡಮ್ ಅಲ್ಲ. ಅವರ ಲ್ಯಾಪ್‌ಟಾಪೂ ಅಲ್ಲ. ನಾನು, ನನ್ನ ಈ ಹಾಳು ಗಂಟಲು. ಅದನ್ನು ಮುಚ್ಚಿಡಲು ಹೇಳಿದ ಸುಳ್ಳೂ ನನ್ನದೇ.

ನಿನ್ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬಾಯಿಬಿಟ್ಟು ಆಗಿರುವುದೇ ಸಾಕು. ಊರನ್ನೂ ಹೇಳುವುದಿಲ್ಲ; ನೀನು ತುರುವೇಕೆರೆ ಕಡೆಯ ಬಸ್ಸಿನಲ್ಲಿ ಬರುತ್ತಿದ್ದೆ ಎಂದರೆ ಅರ್ಧ ಕಾಲೇಜೇ ಬಂತು. ನನ್ನ ಹೆಸರು ಮಾತ್ರ ಬರೆಯುತ್ತೇನೆ: ಕೆಂಕೆರೆಯ ಲೋಕೇಶ. ಯಾರ ದನಿಯನ್ನು ಬೇಕಾದರೂ ತೆಗೆಯುತ್ತಿದ್ದ ಲೋಕೇಶ. ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಳ್ಳುವುದು, ಕಂಡಕ್ಟರು ಚಿಲ್ಲರೆಗೆ ಬೈಯುವುದು, ನಮ್ಮಜ್ಜಿ ಎಮ್ಮೆಗೂ ಸೊಸೆಗೂ ಒಂದೇ ರಾಗದಲ್ಲಿ ಬುದ್ಧಿ ಹೇಳುವುದು, ಎಲ್ಲವೂ ಬರುತ್ತಿತ್ತು. ಹುಡುಗಿಯರ ಮುಂದೆ ನಾನೇ ತೊದಲುವುದನ್ನೂ ಮಾಡಿ ತೋರಿಸುತ್ತಿದ್ದೆ. ನನ್ನನ್ನು ನಾನೇ ಗೇಲಿ ಮಾಡಿಕೊಂಡರೆ ಬೇರೆಯವರಿಗೆ ಕೆಲಸ ಉಳಿಯುವುದಿಲ್ಲವಲ್ಲ, ಆ ಲೆಕ್ಕ.

ಇದನ್ನು ಓದುವ ಉಳಿದವರಿಗಾಗಿ ಜಗಲಿಯ ವಿಷಯ ಹೇಳಬೇಕು. ತಿಪಟೂರಿನ ನಮ್ಮ ಕಾಲೇಜಿನ ವೆಬ್‌ಸೈಟಿನಲ್ಲಿ ಇಂಗ್ಲಿಷ್ ಮೇಡಮ್ ಒಂದು ಪುಟ ತೆರೆದಿದ್ದರು. ಅವರು ಅತಿಥಿ ಉಪನ್ಯಾಸಕರು, ಕಾಯಂ ಅಲ್ಲ. ಆದರೂ ರಜೆಯಲ್ಲಿ ಕೂತು ತಾವೇ ಕಟ್ಟಿದ್ದು. ಪುಟದ ಹೆಸರು ಜಗಲಿ. ಪಾಸ್‌ವರ್ಡ್ ಇಲ್ಲ, ಹೆಸರು ಬರೆಯುವಂತಿಲ್ಲ. ಫೋನಿನಲ್ಲಿ ಒತ್ತಿ ಮಾತಾಡಿದರೆ ಆ ಮಾತು ಅಲ್ಲಿ ಉಳಿಯುತ್ತಿತ್ತು. ಬೇಕಾದವರು ಕೇಳಿ ಉತ್ತರ ಹೇಳುತ್ತಿದ್ದರು. ಮೊದಮೊದಲು ಬರೀ ಬಸ್ಸಿನ ಗೋಳು. ಅಮ್ಮಸಂದ್ರದ ಬಸ್ಸು ತಡವಾದರೆ ಹಾಜರಿ ಹೋಗುತ್ತದೆ, ನೋಟ್ಸು ಯಾರ ಹತ್ತಿರ ಇದೆ, ಇಂಥವೇ.

ಒಂದು ದಿನ ನಿನ್ನ ದನಿ ಬಂತು.

“ನಂಗೆ ಇಂಗ್ಲಿಷ್ ಓದಕ್ಕೆ ಬರಲ್ಲ. ಕ್ಲಾಸಲ್ಲಿ ಎದ್ದು ನಿಂತ್ರೆ ನಾಲ್ಗೆ ಒಣಗ್ತದೆ. ದಿನಾ ಇಲ್ಲಿ ನಾಕು ಸಾಲು ಓದ್ತೀನಿ. ತಪ್ಪಾದ್ರೆ ಹೇಳಿ. ನೀವೂ ಓದಿ. ಯಾರು ಅಂತ ಕೇಳಂಗಿಲ್ಲ, ನಗಂಗಿಲ್ಲ.”

ಹಿಂದಿನಿಂದ ಲೊಟಕ್ ಎಂದಿತು. ನಮ್ಮ ಕಡೆಯವರಿಗೆ ಆ ಸದ್ದನ್ನು ವಿವರಿಸಬೇಕಿಲ್ಲ. ಅಟ್ಟದ ಮೇಲೆ ಕೂಡಿಟ್ಟ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ, ಒಳಗೆ ಕೊಬ್ಬರಿ ಕಳಚಿಕೊಂಡು ಆಡುತ್ತದೆ. ಆಡಿದರೆ ಒಡೆಯಬಹುದು, ಇಲ್ಲದಿದ್ದರೆ ಇನ್ನೂ ಒಣಗಬೇಕು. ಕಾಯಿ ನೋಡುತ್ತೇನೆಂದು ಹೇಳಿ ನೀನು ಅಟ್ಟ ಹತ್ತಿದ್ದೆ. ಮನೆಯಲ್ಲಿ ಯಾರೂ ಕೆಲಸ ಹೇಳದ ಜಾಗ ಅದೊಂದೇ ಇರಬೇಕು. ಒಂದು ಸಾಲು ಓದುವುದು, ಒಂದು ಕಾಯಿ ಅಲ್ಲಾಡಿಸುವುದು. ಉದ್ದದ ಪದ ಬಂದರೆ ನಿಲ್ಲುವುದು, ಮೂಗಿನಲ್ಲಿ ಉಸಿರೆಳೆದು “ಇರಿ, ಬತ್ತೀನಿ” ಅನ್ನುವುದು, ಬಾವಿಗೆ ಇಳಿಯುವವಳ ಹಾಗೆ. ಆಮೇಲೆ ಆ ಪದಕ್ಕೆ ಇಳಿಯುವುದು.

ನಿನ್ನ ಹಿಂದೆ ಉಳಿದವರು ಬಂದರು. ದನದ ಕೊಟ್ಟಿಗೆಯಿಂದ ಓದಿದವನೊಬ್ಬ, ಅಂಗಡಿಯ ಷಟರ್ ಎಳೆಯುವ ಮೊದಲು ಓದಿದವಳೊಬ್ಬಳು. ಯಾರೋ ತಪ್ಪಿದರೆ ಇನ್ಯಾರೋ ತಿದ್ದುತ್ತಿದ್ದರು. ಒಂದು ವಿಚಿತ್ರ ನೋಡು — ಕ್ಲಾಸಿನಲ್ಲಿ ಟೌನಿನ ಕಾನ್ವೆಂಟಿನವರು ಮುಂದೆ, ಹಳ್ಳಿಯ ನಾವು ಹಿಂದೆ, ನಡುವೆ ಒಂದು ಬೆಂಚು ಯಾವಾಗಲೂ ಖಾಲಿ. ಜಗಲಿ ಶುರುವಾದ ಮೇಲೆ ಆ ಬೆಂಚು ತುಂಬಿತು. ಪಕ್ಕ ಕೂತವನೇ ನಿನ್ನೆ ನನ್ನನ್ನು ತಿದ್ದಿದವನಿರಬಹುದು ಎಂಬ ಅನುಮಾನದಲ್ಲಿ ಎಲ್ಲರೂ ಎಲ್ಲರ ಜೊತೆ ಮೆತ್ತಗೆ ಮಾತಾಡುತ್ತಿದ್ದೆವು. ಯಾರೆಂದು ಗೊತ್ತಿಲ್ಲದ ಕಾರಣಕ್ಕೇ ಬಸ್ಸಿನಲ್ಲಿ ಸೀಟು ಬಿಡುತ್ತಿದ್ದೆವು.

ನಾನೂ ಓದುತ್ತಿದ್ದೆ. ಇದನ್ನು ಬರೆಯಲು ಇಷ್ಟು ಹೊತ್ತು ಸುತ್ತಾಡಿದೆ.

ಟಿವಿಯವರ ಇಂಗ್ಲಿಷನ್ನು ಸರಸರ ಉದುರಿಸುತ್ತಿದ್ದ ನನಗೆ ಇಂಗ್ಲಿಷಿನ ಒಂದು ಪುಟ ಓದಲು ಬರುತ್ತಿರಲಿಲ್ಲ. ಉದುರಿಸುತ್ತಿದ್ದುದು ಬರೀ ಸದ್ದು. ಅದಕ್ಕೇ ಮುದುಕನೊಬ್ಬನ ಗೊಗ್ಗರು ದನಿ ಮಾಡಿಕೊಂಡು, ನಡುವೆ ಕೆಮ್ಮಿಕೊಂಡು, ಜಗಲಿಯಲ್ಲಿ ಓದುತ್ತಿದ್ದೆ. ನೀನು ತಿದ್ದುತ್ತಿದ್ದೆ: “ಅಜ್ಜಾ, ಓಡ್ಬೇಡಿ. ಚುಕ್ಕಿ ಬಂದಲ್ಲಿ ಉಸ್ರು ತಗೊಳಿ.” ನಾನು ಹುಡುಗನೆಂದು ನಿನಗೆ ಗೊತ್ತಿತ್ತೋ ಏನೋ. ಆದರೂ ಅಜ್ಜ ಎಂದೇ ಕರೆದೆ, ನಗಲಿಲ್ಲ. ನಿನ್ನ ಒಂದೊಂದು ಮಾತನ್ನೂ ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದೆ. ಓದುವುದನ್ನು ನಾನು ಕಲಿತದ್ದು ಹಾಗೆ.

ಸೆಮಿನಾರ್ ದಿನ ಚೀಟಿ ನೋಡದೆ ಇಂಗ್ಲಿಷಿನಲ್ಲಿ ಮಾತಾಡಬೇಕು, ಅದಾದರೆ ಬಿ.ಎಡ್. ಸೇರುವುದಕ್ಕೆ ಧೈರ್ಯ ಬರುತ್ತದೆ ಎಂದು ನೀನು ಒಮ್ಮೆ ಜಗಲಿಯಲ್ಲಿ ಹೇಳಿದ್ದೆ. ಜಗಲಿಯವರೆಲ್ಲ ಆ ದಿನಕ್ಕೆ ಕಾಯುತ್ತಿದ್ದೆವು. ಯಾರು ಎದ್ದು ಮಾತಾಡಿದರೂ ಅವಳೇ ಇರಬಹುದೆಂದು ಎಲ್ಲರಿಗೂ ಚಪ್ಪಾಳೆ ತಟ್ಟುವುದೆಂದು ಯಾರೋ ಹೇಳಿದ್ದರು, ಎಲ್ಲರೂ ಒಪ್ಪಿದ್ದರು.

ಸೆಮಿನಾರಿಗೆ ಸ್ವಲ್ಪ ದಿನ ಮುಂಚೆ, ಕ್ಯಾಂಟೀನಿನಲ್ಲಿ ಗೆಳೆಯ ಶೇಖರ ಟೀ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ.

“ಲೋ, ಆ ಜಗ್ಲಿ ತಾತ ನೀನೇ ಕಣ್ಲಾ. ಆ ಕೆಮ್ಮು ಥೇಟ್ ನಿಂದೇ.”

ಬೆಂಚಿನಲ್ಲಿದ್ದವರೆಲ್ಲ ತಿರುಗಿದರು. ಹೌದು ಕಣ್ಲಾ ಅಂದಿದ್ದರೆ ಮುಗಿಯುತ್ತಿತ್ತು. ಎರಡು ದಿನ ರೇಗಿಸುತ್ತಿದ್ದರು. ರೇಗಿಸುವುದನ್ನು ಅವರಿಗೆ ಕಲಿಸಿದ್ದೇ ನಾನು. ಆದರೆ ಅವರ ಕಣ್ಣು ನನ್ನ ಮೇಲಿಂದ ಬೇರೆ ಎಲ್ಲಿಗಾದರೂ ಹೋಗಲಿ ಎಂದಷ್ಟೇ ಅನ್ನಿಸಿತು. ಎಲ್ಲಿಗಾದರೂ —

“ನಂಗ್ಯಾಕ್ಲಾ ಆ ಗ್ರಾಚಾರ? ಅಟ್ಟದ ಟೀಚರಮ್ಮ ಓದೋದು ನೋಡು ಬೇಕಾದ್ರೆ,” ಅಂದೆ. ನಿನ್ನ ದನಿ ತೆಗೆದೆ.

ಚೆನ್ನಾಗಿ ಬಂತು. ಅದನ್ನೂ ಬರೆಯಬೇಕು. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಯಾರ ದನಿಯೂ ಬಂದಿಲ್ಲ. ಅರ್ಧ ನೀರಿದ್ದ ಬಾಟಲಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ, ಮೂಗಿನಲ್ಲಿ ಉಸಿರೆಳೆದೆ, “ಇರಿ, ಬತ್ತೀನಿ” ಎಂದೆ. ಬಿದ್ದು ಬಿದ್ದು ನಕ್ಕರು. ಆಮೇಲೆ ಶೇಖರನ ನಗು ನಿಂತಿತು. ನಿನ್ನ ಹೆಸರು ಹೇಳಿ, ಅವಳೇ ಅಲ್ವೇನ್ಲಾ ಇದು ಎಂದ. ಹಾಜರಿ ಕೂಗಿದಾಗ ನೀನು ಎದ್ದು ಉಸಿರೆಳೆದು ಉತ್ತರ ಕೊಡುವ ರೀತಿಯನ್ನು ಎರಡು ವರ್ಷ ಮಾಡಿ ತೋರಿಸಿದ್ದೆನಲ್ಲ. ಎರಡೂ ಒಂದೇ ಗಂಟಲಿನಿಂದ ಬಂದಾಗ ಕಿವುಡನಿಗೂ ಹೊಳೆಯುತ್ತಿತ್ತು.

ಅದು ನೀನೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತಿದೆ. ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು.

“ನಿಂಗೆ ಹೆಂಗ್ಲಾ ಗೊತ್ತಾಯ್ತು ಅವಳು ಅಂತ?” ಶೇಖರ ಕೇಳಿದ.

ದಿನಾ ಕೇಳುತ್ತೇನೆ ಎಂದರೆ, ಯಾಕೆ ಕೇಳುತ್ತೀಯ ಎಂಬ ಪ್ರಶ್ನೆ ಬರುತ್ತಿತ್ತು. ಮತ್ತೆ ತಾತನ ಹತ್ತಿರಕ್ಕೇ ಬರುತ್ತಿದ್ದರು.

“ಸ್ಟಾಫ್ ರೂಮಲ್ಲಿ ಮೇಡಮ್ ಲ್ಯಾಪ್‌ಟಾಪ್ ತೆರ್ದೇ ಇತ್ತು. ಯಾರ್ಯಾರು ಓದ್ತಾರೆ ಅಂತ ಎಲ್ಲಾ ಅದ್ರಲ್ಲಿ ಐತೆ ಕಣ್ಲಾ.”

ಇಷ್ಟೇ ಮಾತು. ಸಂಜೆಯ ಬಸ್ಸುಗಳು ಅದನ್ನು ಊರೂರಿಗೆ ಇಳಿಸಿದವು. ಮಾರನೆಯ ದಿನ ಜಗಲಿಯಲ್ಲಿ ಯಾರೂ ಓದಲಿಲ್ಲ. ಮೇಡಮ್ ಕ್ಲಾಸಿಗೆ ಬಂದು, ನಂಗೆ ಯಾರ ಹೆಸ್ರೂ ಕಾಣಲ್ಲ, ನಂಬರೂ ಕಾಣಲ್ಲ ಕಣ್ರಪ್ಪ ಎಂದು ಎರಡೆರಡು ಸಲ ಹೇಳಿದರು. ಯಾರೂ ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವರು ನಿನ್ನನ್ನು ಮಾತಾಡಿಸಲು ಕಾರಿಡಾರಿನಲ್ಲಿ ನಿಂತಿದ್ದರು. ನೀನು ಅವರ ಮುಖ ನೋಡದೆ ಹಾದುಹೋದೆ. ಎದುರು ಬಾಗಿಲಲ್ಲಿ ನಾನಿದ್ದೆ.

ಸೆಮಿನಾರ್ ದಿನ ನೀನು ಎದ್ದೆ. ಚೀಟಿ ಇರಲಿಲ್ಲ ಕೈಯಲ್ಲಿ. ಒಂದು ವಾಕ್ಯ ಹೇಳಿದೆ, ಸರಿಯಾಗಿಯೇ ಹೇಳಿದೆ, ಎರಡನೆಯದಕ್ಕೆ ಉಸಿರೆಳೆದೆ. ಹಿಂದಿನ ಬೆಂಚಿನಿಂದ ನೀರಿನ ಬಾಟಲಿ ಅಲ್ಲಾಡಿದ ಸದ್ದು. ಅಲ್ಲಾಡಿಸಿದ ಕೈ ನನ್ನದಲ್ಲ ಎಂದು ಎಷ್ಟೋ ದಿನ ಸಮಾಧಾನ ಮಾಡಿಕೊಂಡಿದ್ದೇನೆ. ಎಂಥ ಸಮಾಧಾನ ನೋಡು. ನೀನು ಕೂತೆ. ಆಮೇಲೆ ಪರೀಕ್ಷೆಗಷ್ಟೇ ಬಂದೆ. ಬಿ.ಎಡ್. ಸೇರಿದೆಯೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಜಗಲಿಯನ್ನು ಮೇಡಮ್ಮೇ ಮುಚ್ಚಿದರು. ಮುಂದಿನ ವರ್ಷ ಅವರನ್ನು ಕಾಲೇಜಿಗೆ ಕರೆಯಲಿಲ್ಲ. ಇದರಿಂದಲೇ ಎನ್ನಲಾರೆ. ಅಲ್ಲ ಎನ್ನಲೂ ಆಗುವುದಿಲ್ಲ.

ಈಗ ನಾನು ಮದುವೆ ಆರತಕ್ಷತೆಗಳಲ್ಲಿ ಮೈಕು ಹಿಡಿಯುತ್ತೇನೆ, ಆಟೋದಲ್ಲಿ ಕೂಗುವ ಜಾಹೀರಾತಿಗೆ ದನಿ ಕೊಡುತ್ತೇನೆ. ತಿಪಟೂರಿನ ಬೀದಿಯಲ್ಲಿ ಸೀರೆ ಮೇಳವೆಂದು ಗದ್ದಲ ಮಾಡುವವನು ನಾನೇ. ಹೋದ ತಿಂಗಳು ಅಂಥ ಆಟೋ ಜೊತೆ ಸುತ್ತುವಾಗ, ಒಂದು ಮನೆಯ ಗೇಟಿನ ಹತ್ತಿರ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದ ಮೇಡಮ್ ಕಂಡರು. ಅಂದು ಇಳಿಯಲಿಲ್ಲ. ಆ ಬೀದಿಯಲ್ಲಿ ಸುಮ್ಮನೆ ಹೋಗಿ ಬಂದು, ಹೋಗಿ ಬಂದು, ಕೊನೆಗೊಂದು ಸಂಜೆ ಒಳಗೆ ಹೋಗಿ ಎಲ್ಲವನ್ನೂ ಹೇಳಿದೆ.

ಅವರು ಬೈಯಲಿಲ್ಲ.

“ನಾನೇ ಏನೋ ತೆರೆದಿಟ್ಟು ಬಂದಿದ್ನೇನೋ ಅಂದ್ಕೊಂಡಿದ್ದೆ ಕಣಪ್ಪ,” ಎಂದರು. “ಇಷ್ಟು ವರ್ಷ.”

ನಿನ್ನ ನಂಬರು ಕೇಳಿದೆ. ಯಾರ ನಂಬರೂ ನನ್ನ ಹತ್ರ ಇರ್ಲಿಲ್ಲ ಅಂತ ಆಗ್ಲೇ ಹೇಳಿದ್ನಲ್ಲ, ಎಂದರು.

ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಈ ಪುಟದಲ್ಲಿ ಬರೆಯುತ್ತಿರುವುದು ಅದಕ್ಕೆ. ಶೇಖರನಿಗೂ, ಅಂದು ಬೆಂಚಿನಲ್ಲಿದ್ದ ಉಳಿದವರಿಗೂ ಫೋನು ಮಾಡಿ ಹೇಳಿದ್ದೇನೆ. ಹಳೇದೆಲ್ಲ ಈಗ್ಯಾಕ್ಲಾ, ಬುಡು ಎಂದ ಶೇಖರ. ಬಿಡಲು ಅದು ನನ್ನದಲ್ಲವಲ್ಲ.

ನೀನು ಇದನ್ನು ಓದಿದರೆ ನನಗೆ ಉತ್ತರ ಬರೆಯಬೇಡ. ಮೇಡಮ್ ತಿಪಟೂರಿನಲ್ಲೇ ಇದ್ದಾರೆ, ಸಂಜೆ ಹೊತ್ತು ಮನೆಯಲ್ಲೇ ಇರುತ್ತಾರೆ. ಅವರು ನಿನ್ನ ಹೆಸರನ್ನು ಯಾರಿಗೂ ಹೇಳಿರಲಿಲ್ಲ. ಅವರಿಗದು ಗೊತ್ತೇ ಇರಲಿಲ್ಲ. ಮನಸ್ಸಾದರೆ ಒಮ್ಮೆ ಹೋಗಿ ಮಾತಾಡಿಸು. ನಾನು ಇನ್ನು ಆ ಬೀದಿಗೆ ಬರುವುದಿಲ್ಲ.