ಅತ್ತೆಯ ಎಣ್ಣೆ, ನನ್ನ ಜಡೆ

ನನ್ನ ಕೂದಲಿನ ಬಗ್ಗೆ ನನಗಿಂತ ಹೆಚ್ಚು ಜಂಬ ಇದ್ದದ್ದು ನಮ್ಮ ಅತ್ತೆಗೆ. ಮದುವೆಯಾಗಿ ದಬ್ಬೇಘಟ್ಟದ ಹತ್ತಿರದ ಆ ಊರಿಗೆ ಬಂದ ಹೊಸತರಲ್ಲಿ, ಹೆಂಗಸರು ಯಾರಾದರೂ ಮನೆಗೆ ಬಂದರೆ ಸಾಕು, ಅವರು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ "ಇಲ್ ತಿರುಗವ್ವ" ಎಂದು ನನ್ನನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದರು. ಜಡೆಯನ್ನು ಅಂಗೈಯಲ್ಲಿ ತೂಗಿ, "ನಮ್ ಮನೆ ಎಣ್ಣೆ ಕಣ್ರೀ. ಬಂದಾಗ ಇಷ್ಟಿರ್ಲಿಲ್ಲ" ಎನ್ನುತ್ತಿದ್ದರು. ಸಂತೆಯಲ್ಲಿ ಹಸು ತೋರಿಸಿದ ಹಾಗೆ ತೋರಿಸುತ್ತಾರಲ್ಲ ಎಂದು ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲಾಮೇಲೆ ಹೆದರಿಕೆ ಶುರುವಾಯಿತು. ಯಾಕೆಂದರೆ ಆ ಜಡೆ ಅವರ ಎಣ್ಣೆಯದಾಗಿರಲಿಲ್ಲ.

ನನ್ನ ತವರು ಹಂದನಕೆರೆ ಕಡೆ. ಡಿಗ್ರಿ ಕೊನೆಯ ವರ್ಷದಲ್ಲಿ ನನ್ನ ಬೈತಲೆ ಅಗಲವಾಗುತ್ತಾ ಬಂತು. ನೆತ್ತಿಯ ಚರ್ಮ ಕಾಣುವಂತಾದಾಗ ಅಮ್ಮ ಯಾರಿಗೂ ಹೇಳದೆ ತುಮಕೂರಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಒಂದು ಔಷಧಿ ಬರೆದುಕೊಟ್ಟರು. ನೀರಿನ ಹಾಗಿತ್ತು, ಸ್ಪಿರಿಟ್ ವಾಸನೆ. ದಿನಾ ಎರಡು ಹೊತ್ತು ಫಿಲ್ಲರಿನಲ್ಲಿ ಅಳೆದು ಒಣ ನೆತ್ತಿಗೆ ಬಿಟ್ಟುಕೊಳ್ಳಬೇಕು. ಆರೇಳು ತಿಂಗಳಿಗೆ ಬೈತಲೆ ಮುಚ್ಚಿತು. ಹೆಣ್ಣು ನೋಡಲು ಬಂದ ದಿನ ಅತ್ತೆ ನನ್ನ ಪಕ್ಕದಲ್ಲೇ ಕೂತು, ಚೌರಿ ಸೇರಿಸಿದ್ದಾರೋ ಏನೋ ಎಂದು ಜಡೆಯ ಬುಡಕ್ಕೆ ಬೆರಳು ತೂರಿಸಿ ನೋಡಿದರು. ಚೌರಿ ಇರಲಿಲ್ಲ. ಬಾಟಲಿ ಇದೆಯಾ ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಆ ಬಾಟಲಿ ನನ್ನ ಜೊತೆಯಲ್ಲೇ ಗಂಡನ ಮನೆಗೂ ಬಂತು. ಟ್ರಂಕಿನ ತಳದಲ್ಲಿ, ರವಿಕೆ ಕಣಗಳ ಕೆಳಗೆ ಇಟ್ಟಿದ್ದೆ. ಬಚ್ಚಲ ಬಾಗಿಲು ಹಾಕಿಕೊಂಡು ಹಚ್ಚಿಕೊಳ್ಳುತ್ತಿದ್ದೆ. ಗಂಡ ಒಮ್ಮೆ ನೋಡಿ ಕೇಳಿದಾಗ ತಲೆನೋವಿಗೆ ಎಂದಿದ್ದೆ. ನಂಬಿದರು. ಮದುವೆಯಾದ ಮೇಲೆ ತಲೆನೋವು ಸಹಜ ಅಂದುಕೊಂಡಿರಬೇಕು.

ಅತ್ತೆಯ ಎಣ್ಣೆಯೇನೂ ಸಾಮಾನ್ಯದ್ದಾಗಿರಲಿಲ್ಲ. ಸುಲಿಯದ ಕಾಯಿಗಳನ್ನು ಅಟ್ಟದ ಮೇಲೆ ಹರಡಿ ವರ್ಷ ಕಾಯುತ್ತಿದ್ದರು. ಒಳಗಿನ ನೀರು ಹಿಂಗಿ, ಅಲ್ಲಾಡಿಸಿದರೆ ಕೊಬ್ಬರಿ ಗುಡುಗುಡು ಅನ್ನಬೇಕು. ಒಳ್ಳೆಯ ಕೊಬ್ಬರಿ ಉಂಡೆಗಳೆಲ್ಲ ತಿಪಟೂರಿನ ಮಾರುಕಟ್ಟೆಗೆ ಹೋಗುವ ಮೊದಲೇ ತಮ್ಮ ಎಣ್ಣೆಗೆ ಬೇಕಾದಷ್ಟನ್ನು ತೆಗೆದಿಡುತ್ತಿದ್ದರು. ತುರುವೇಕೆರೆಯ ಗಾಣದಲ್ಲಿ ಆಡಿಸಿ ತಂದ ಎಣ್ಣೆಗೆ ದಾಸವಾಳ, ಮೆಂತ್ಯ, ಗರುಗದ ಸೊಪ್ಪು ಹಾಕಿ ಕಾಯಿಸುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಮಣೆ ಹಾಕಿ ನನ್ನನ್ನು ಕೂರಿಸಿ, ನೆತ್ತಿಗೆ ಎಣ್ಣೆ ತಟ್ಟುತ್ತಾ ತಮ್ಮ ಅತ್ತೆಯ ದರ್ಬಾರಿನ ಕಥೆ ಹೇಳುತ್ತಿದ್ದರು. ಆ ಕೈಗೆ ನಿದ್ದೆ ಬರಿಸುವ ಗುಣವಿತ್ತು. ನನ್ನ ಸ್ವಂತ ಅಮ್ಮನೂ ಅಷ್ಟು ಹೊತ್ತು ನನ್ನ ತಲೆ ಮುಟ್ಟಿದ್ದಿಲ್ಲ. ಬೀದಿಯ ಹೆಂಗಸರು ಡಬ್ಬಿ ಹಿಡಿದು ಬಂದು ಎಣ್ಣೆ ಇಸಿದುಕೊಂಡು ಹೋಗುವಾಗ, "ನಿಮ್ ಸೊಸೆ ತರ ಆದ್ರೆ ಸಾಕು" ಎಂದರೆ ಅತ್ತೆಯ ಮುಖ ನೋಡಬೇಕಿತ್ತು.

ಎರಡನೆಯ ವರ್ಷ ನಾನು ಬಸುರಿಯಾದೆ. ತುರುವೇಕೆರೆಯ ಲೇಡಿ ಡಾಕ್ಟರು ಬೇರೆ ಏನಾದರೂ ಔಷಧಿ ತಗೋತೀಯಾ ಎಂದು ಕೇಳಿದಾಗ, ಹೊರಗೆ ಕೂತಿದ್ದ ಅತ್ತೆಗೆ ಕೇಳಿಸದ ಹಾಗೆ ಹೇಳಿದೆ.

"ಇವತ್ತಿಂದಲೇ ನಿಲ್ಲಿಸಿಬಿಡಮ್ಮ" ಎಂದರು.

"ನಿಲ್ಲಿಸಿದರೆ?"

"ಮೂರ್ನಾಲ್ಕು ತಿಂಗಳಿಗೆ ಉದುರೋಕೆ ಶುರುವಾಗುತ್ತೆ. ಔಷಧಿ ಹಿಡಿದಿಟ್ಟುಕೊಂಡಿದ್ದ ಕೂದಲು ಅದು. ಔಷಧಿನೇ ಇಲ್ಲದಿದ್ದರೆ ಎಷ್ಟಿರ್ತಿತ್ತೋ ಅಷ್ಟಕ್ಕೆ ಬಂದು ನಿಲ್ಲುತ್ತೆ. ಹೆದರಬೇಡ, ಬೋಳಾಗಲ್ಲ."

ಬೋಳಿನ ಹೆದರಿಕೆ ನನಗಿರಲಿಲ್ಲ. ಮೋಸಗಾತಿ ಅನ್ನಿಸಿಕೊಳ್ಳುವ ಹೆದರಿಕೆ ಇತ್ತು.

ಡಾಕ್ಟರು ಹೇಳಿದ ಲೆಕ್ಕ ತಪ್ಪಲಿಲ್ಲ. ಐದನೇ ತಿಂಗಳಿಗೆ ಬಾಚಣಿಗೆಯಲ್ಲಿ ಉಂಡೆ ಉಂಡೆ ಬರತೊಡಗಿತು. ಬಚ್ಚಲ ತೂಬು ಕಟ್ಟಿಕೊಂಡಿತು. ಗಂಡನ ಸಾರಿನ ತಟ್ಟೆಯಲ್ಲೂ ಸಿಕ್ಕಿತು. ಶುಕ್ರವಾರ ಎಣ್ಣೆ ಹಚ್ಚುವಾಗ ಅತ್ತೆಯ ಬೆರಳುಗಳ ನಡುವೆ ಎಳೆಗಳು ಬಂದವು. ಕಥೆ ಅರ್ಧಕ್ಕೇ ನಿಂತಿತು.

ಮೊದಲು ಅವರು ಬೋರ್‌ವೆಲ್ ನೀರನ್ನು ಬೈದರು. ಆಮೇಲೆ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ಯಾವುದಕ್ಕೂ ನಿಲ್ಲದಿದ್ದಾಗ ಅವರ ಅನುಮಾನ ಎಣ್ಣೆಯ ಮೇಲೆ ತಿರುಗಿತು. ಹೊಸದಾಗಿ ಎಣ್ಣೆ ಆಡಿಸಿ ತಂದಿದ್ದು ನನ್ನ ಕೂದಲು ಉದುರತೊಡಗಿದ ತಿಂಗಳಲ್ಲೇ. ಗಾಣದವನು ನಮ್ಮದಕ್ಕಿಂತ ಮೊದಲು ಹೊಂಗೆ ಬೀಜ ಆಡಿಸಿ, ತೊಳೆಯದೆ ಅದೇ ಗಾಣಕ್ಕೆ ನಮ್ಮ ಕೊಬ್ಬರಿ ಸುರಿದಿದ್ದಾನೆ ಎಂದು ತೀರ್ಮಾನಿಸಿಬಿಟ್ಟರು. ಬಸ್ಸು ಹತ್ತಿ ತುರುವೇಕೆರೆಗೆ ಹೋಗಿ, ನಾಲ್ಕು ಜನರ ಎದುರಿಗೆ ಅವನ ಜನ್ಮ ಜಾಲಾಡಿ ಬಂದರು. "ಬಸ್ರಿ ಹೆಂಗ್ಸಿನ ತಲೆ ಹಾಳ್ ಮಾಡ್ದ" ಎಂದು ಮನೆಗೆ ಬಂದ ಮೇಲೂ ಬೈಯುತ್ತಿದ್ದರು. ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದೆ, ತಲೆ ಎತ್ತಲಿಲ್ಲ.

ಎದುರಿಗೇ ನಿಂತು ಗಾಣ ತೊಳೆಸಿ ಮತ್ತೆ ಎಣ್ಣೆ ಆಡಿಸಿದರು. ಕೂದಲು ನಿಲ್ಲಲಿಲ್ಲ. ಆಗ ಉಳಿದದ್ದು ಕೊಬ್ಬರಿಯೊಂದೇ. ಆ ವಯಸ್ಸಿನಲ್ಲಿ ಏಣಿ ಹತ್ತಿ ಅಟ್ಟದ ಮೇಲೆ ಕೂತು ಒಂದೊಂದೇ ಕಾಯಿ ಅಲ್ಲಾಡಿಸಿ ಕಿವಿಗಿಟ್ಟುಕೊಂಡರು. ಒಡೆದು, ಮೂಸಿ, ಕಚ್ಚಿ ನೋಡಿದರು. "ಕೌಟು ಅನ್ಸುತ್ತಾ ನೋಡು" ಎಂದು ನನ್ನ ಬಾಯಿಗೂ ಇಟ್ಟರು. ಸಿಹಿಯಾಗಿತ್ತು. ಅದನ್ನು ಹೇಳಿದರೆ, "ಬಸ್ರೀಲಿ ನಾಲ್ಗೆ ಸರಿ ಇರಲ್ಲ ಬುಡು" ಎಂದರು. ಹಾಗೆ ಹೇಳುವಾಗ ಅವರ ದನಿ ತೀರಾ ಸಣ್ಣದಾಗಿತ್ತು.

ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಸ್ಟೀಲ್ ಡಬ್ಬಿ ಹಿಡಿದು ಬಂದಳು. ಅವಳ ಮಗಳನ್ನು ನೋಡಲು ಮುಂದಿನ ತಿಂಗಳು ಗಂಡಿನ ಕಡೆಯವರು ಬರುವವರಿದ್ದರು. "ಒಂಚೂರು ಎಣ್ಣೆ ಕೊಡಕ್ಕ" ಎಂದಳು.

"ಖಾಲಿಯಾಗೈತೆ ಕಣವ್ವ" ಎಂದರು ಅತ್ತೆ. ಒಳಗೆ ಭರಣಿ ತುಂಬಿತ್ತು. ಯಾರಿಗೂ ಇಲ್ಲ ಅಂದವರಲ್ಲ ಅವರು. ಪಕ್ಕದ ಮನೆಯಾಕೆ ಹೋದ ಮೇಲೆ ಅಡುಗೆಮನೆಗೆ ಹೋಗಿ, ಎಣ್ಣೆಯನ್ನು ಭರಣಿಯಿಂದ ದೀಪದ ಎಣ್ಣೆಯ ಡಬ್ಬಕ್ಕೆ ಬಗ್ಗಿಸತೊಡಗಿದರು. "ದೀಪಕ್ಕಾದ್ರೂ ಆಗ್ಲಿ. ಇನ್ನೊಬ್ರ ಮಕ್ಕಳ ತಲೆ ಯಾಕ್ ಹಾಳ್ ಮಾಡ್ಬೇಕು" ಎಂದರು.

ಆಗ ತಡೆಯಲಾಗಲಿಲ್ಲ. ಟ್ರಂಕಿನಿಂದ ಆ ಬಾಟಲಿ ತಂದು ಅವರ ಮುಂದೆ ಇಟ್ಟು ಎಲ್ಲ ಹೇಳಿದೆ. ಹೇಳುವಾಗ ಅಳು ಬಂತು. ತವರಿಗೆ ಕಳಿಸಿಬಿಡುತ್ತಾರೆ ಎಂಬ ಹೆದರಿಕೆಗಿಂತ, ಇಷ್ಟು ದಿನ ಈ ಹೆಂಗಸನ್ನು ಏಣಿ ಹತ್ತಿಸಿದೆನಲ್ಲ ಎಂಬ ನಾಚಿಕೆಯೇ ದೊಡ್ಡದಾಗಿತ್ತು.

ಅತ್ತೆ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೆ ಓದಲು ಬರುತ್ತಿರಲಿಲ್ಲ.

"ನಾವ್ ನೋಡೋಕ್ ಬಂದಾಗ್ಲೂ ಹಚ್ಕಂತಿದ್ಯಾ?"

"ಹೂಂ ಅತ್ತೆ."

"ಅಂದ್ರೆ ನನ್ ಕೊಬ್ರಿ ಕೆಟ್ಟಿರ್ಲಿಲ್ಲ."

"ಇಲ್ಲ."

ಅವರು ಉಸಿರು ಬಿಟ್ಟ ರೀತಿ ನನಗೆ ಇವತ್ತಿಗೂ ನೆನಪಿದೆ. ಬೈಯುತ್ತಾರೆ ಎಂದು ಕಾದೆ. ಅವರು ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿದರು. ಆಮೇಲೆ, "ಇಷ್ಟ್ ದಿನ ಬಚ್ಚಲಲ್ಲಿ ಒಬ್ಳೇ ನಿಂತ್ಕಂಡು ಹಚ್ಕಂಡ್ಯಾ ಮಗ" ಎಂದರು. ಮತ್ತೆ ಹಚ್ಚಿದರೆ ಬರುತ್ತದಾ ಎಂದು ಕೇಳಿದರು. ಬರಬಹುದು, ಆದರೆ ಮಗು ಹಾಲು ಬಿಡುವವರೆಗೂ ಮುಟ್ಟುವ ಹಾಗಿಲ್ಲ, ಹಚ್ಚಿದರೂ ಬಿಟ್ಟಾಗ ಮತ್ತೆ ಹೋಗುತ್ತದೆ ಎಂದೆ. "ಹಂಗಾದ್ರೆ ಆ ಕೂದ್ಲುನ್ನ ಜೀವಮಾನೆಲ್ಲ ಸಾಕೋ ಕಾಟನೇ ಸೈ" ಎಂದು, ಬಾಟಲಿಯನ್ನು ನನ್ನ ಕೈಗೇ ವಾಪಸ್ಸು ಕೊಟ್ಟರು. ಡಬ್ಬಕ್ಕೆ ಬಗ್ಗಿಸಿದ್ದ ಎಣ್ಣೆ ಮತ್ತೆ ಭರಣಿಗೆ ಬಂತು.

ಏಳನೇ ತಿಂಗಳಲ್ಲಿ ಡಾಕ್ಟರ ಹತ್ತಿರ ತೋರಿಸಿಕೊಂಡು ಬರುವಾಗ ಅತ್ತೆ ನನ್ನನ್ನು ನೇರ ಗಾಣದ ಕಡೆ ಕರೆದುಕೊಂಡು ಹೋದರು. ಆ ಹೊತ್ತಿಗೆ ನನ್ನ ಜಡೆ ಕಿರುಬೆರಳಿನ ದಪ್ಪಕ್ಕೆ ಬಂದಿತ್ತು, ಸೆರಗು ಹೊದ್ದುಕೊಂಡಿದ್ದೆ. ಗಾಣದ ಮುಂದೆ ಡಬ್ಬ ಹಿಡಿದ ಹೆಂಗಸರು ಸಾಲಾಗಿ ಕೂತಿದ್ದರು, ಅದರಲ್ಲಿ ನಮ್ಮೂರಿನವರೂ ಇದ್ದರು. ಗಾಣದವನನ್ನು ಬೈದಿದ್ದು ತಪ್ಪಾಯಿತು ಎನ್ನಲು ಅತ್ತೆ ಬಂದಿದ್ದಾರೆ ಎಂದು ಗೊತ್ತಾಯಿತು. ಹಾಗಾದರೆ ಕಾರಣವನ್ನೂ ಹೇಳಲೇಬೇಕಲ್ಲ ಎಂದು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಹೇಳಲಿ, ಅವರಿಗೆ ಆ ಹಕ್ಕಿದೆ ಎಂದೂ ಅನ್ನಿಸಿತು.

"ನಿನ್ನ ಸುಮ್ಸುಮ್ನೆ ಬೈದ್ಬುಟ್ಟೆ ಕಣಪ್ಪ" ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. "ಗಾಣದ್ ತಪ್ಪಲ್ಲ ಅದು. ನಮ್ ಕೊಬ್ರಿನೇ ಕೆಟ್ಟೋಗಿತ್ತು. ನಾನೇ ಸರ್ಯಾಗ್ ನೋಡ್ಲಿಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಹಿಡಿದು ಬೆಂಚಿನ ಕಡೆ ತಿರುಗಿಸಿದರು.

"ನೀನ್ ಕೂತ್ಕೊ ಹೋಗು" ಎಂದರು. "ಕಾಲು ಊದ್ಕಂಡವೆ."