ಕಾಜಾ ಅಕ್ಕ ಒತ್ತಿದ ಹಸಿರು ಚೌಕ

ಆ ಬೀದಿಯ ದರ್ಜಿಗಳೆಲ್ಲ ಅಂಗಿ ಹೊಲಿದು, ಗುಂಡಿಯ ತೂತು ಹಾಕಿಸಲು ಕಾಜಾ ಅಕ್ಕನ ಹತ್ತಿರವೇ ಕಳಿಸುತ್ತಿದ್ದರು. ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿ ಕೂತು ಕೈಯಲ್ಲೇ ಕಾಜಾ ಹಾಕುವವಳು. ಮದುವೆಯಾದಾಗಿನಿಂದ ಅದೇ ಕೆಲಸ, ಅದೇ ಹೆಸರು. ಸ್ವಂತ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಕ್ಕೂ ಅವಳಿಗೆ ಹೊತ್ತು ಹಿಡಿಯುತ್ತಿತ್ತು.

ಗಂಡ ಬಸ್ ಓಡಿಸುತ್ತಿದ್ದವನು. ಹೃದಯದ ಕವಾಟ ಕೆಟ್ಟು ಮಂಚ ಹಿಡಿದಿದ್ದ. ಬಾಯಿ ಮಾತ್ರ ಬ್ರೇಕ್ ಇಲ್ಲದ ಗಾಡಿ. ಆಪರೇಷನ್ನಿಗೆ ಕಾದು ಕಾದು ಕೊನೆಗೊಮ್ಮೆ ಆಸ್ಪತ್ರೆಯಿಂದ ಮೆಸೇಜ್ ಬಂತು: ಬರುವ ಸೋಮವಾರ. ಇವತ್ತು ಸಂಜೆಯೊಳಗೆ ವೆಬ್‌ಸೈಟಿನಲ್ಲಿ ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ.

ಅಕ್ಕ ಕೈ ತೊಳೆದು, ದೇವರಿಗೆ ಮುಗಿದು, ಫೋನ್ ಹಿಡಿದಳು. ಪುಟ ತೆರೆಯುತ್ತಲೇ ಆರೋಗ್ಯ ತಪಾಸಣೆಯ ಜಾಹೀರಾತು ಪೂರ್ತಿ ಆವರಿಸಿಕೊಂಡಿತು. ಮುಚ್ಚುವ ಗುರುತು ಸಾಸಿವೆಯಷ್ಟು. ಹುಡುಕಿ ಒತ್ತಿದರೆ, ಅಭಿಪ್ರಾಯ ತಿಳಿಸಿ ಅಂತ ನಕ್ಷತ್ರಗಳ ಸಾಲು ಬಂತು. ಅದನ್ನು ಸರಿಸಿದರೆ ಮೂಲೆಯಿಂದ ಒಂದು ಗೊಂಬೆ ‘ಸಹಾಯ ಬೇಕೇ’ ಅಂತ ಕೈ ಬೀಸಿತು. ಅಷ್ಟರಲ್ಲಿ ‘ಸಮಯ ಮುಗಿದಿದೆ’ ಅಂತ ಎಲ್ಲ ಮತ್ತೆ ಮೊದಲಿಗೇ ಹೋಯಿತು.

“ಏನೇ, ಸೂಜಿಗೆ ದಾರ ಪೋಣಿಸೋಕೂ ಇಷ್ಟು ಹೊತ್ತು ತಗೊಳಲ್ವಲ್ಲ ನೀನು,” ಅಂದ ಗಂಡ.

“ಸೂಜಿ ಇದ್ದ ಕಡೆ ಇರುತ್ತೆ ರೀ. ಇದು ಕುಣೀತಿದೆ.”

“ಇಲ್ಲಿ ಕೊಡು, ಹಾರ್ನ್ ಹೊಡೀತೀನಿ.”

ಅಂತೂ ದಿನಾಂಕ ಕಂಡಿತು. ಅದರ ಕೆಳಗೆ ದಪ್ಪ ಹಸಿರು ಚೌಕದಲ್ಲಿ ‘ಮುಂದುವರಿಯಿರಿ’. ಇನ್ನೂ ಕೆಳಗೆ, ಕಂಡೂ ಕಾಣದ ಬೂದು ಅಕ್ಷರದಲ್ಲಿ ‘ಇದೇ ದಿನ ಇರಲಿ’. ಹಸಿರು ಚೌಕದ ತಲೆಯ ಮೇಲೆ ಇನ್ನೇನೋ ಬರೆದಿತ್ತು, ಆದರೆ ಗೊಂಬೆ ಅದನ್ನು ಮರೆಮಾಡಿಕೊಂಡು ಕೂತಿತ್ತು. ಅಕ್ಕನ ಕಸುಬಿನಲ್ಲಿ ಮಾಸಲು ಗೆರೆ ಅಂದರೆ ಸೀಮೆಸುಣ್ಣ, ಕೆಲಸ ಮುಗಿದ ಮೇಲೆ ಒರೆಸಿ ಹಾಕುವಂಥದ್ದು. ಎದ್ದು ಕಾಣುವುದೇ ಉಳಿಯುವ ಹೊಲಿಗೆ. ಹಸಿರನ್ನೇ ಒತ್ತಿದಳು.

ಗೊಂಬೆ ಪಕ್ಕಕ್ಕೆ ಸರಿಯಿತು. ‘ಈ ದಿನ ಬೇಡವಾದಲ್ಲಿ’ ಅಂತಿತ್ತು ಅಲ್ಲಿ. ಕೆಳಗೆ, ‘ನಿಮ್ಮ ದಿನಾಂಕ ರದ್ದಾಗಿದೆ. ಸದ್ಯಕ್ಕೆ ಬೇರೆ ದಿನಾಂಕ ಇಲ್ಲ.’

ಅಕ್ಕ ಏನೇನೋ ಒತ್ತಿದಳು, ಎಲ್ಲಿ ಒತ್ತಿದರೂ ಅದೇ ಪುಟ. ಅಂಗಡಿಗೆ ಹೋಗಿ ಬರ್ತೀನಿ ಅಂತ ಗಂಡನಿಗೆ ಸುಳ್ಳು ಹೇಳಿ ಆಸ್ಪತ್ರೆಗೆ ಓಡಿದಳು.

“ನೀವೇ ಬಿಟ್ಟುಕೊಟ್ಟಿದ್ದೀರಿ ಅಂತ ತೋರಿಸ್ತಿದೆ ಆಂಟಿ,” ಅಂದಳು ಕೌಂಟರಿನವಳು.

“ಬಿಟ್ಟುಕೊಡೋಕೆ ಅದೇನು ಬಸ್ಸಿನ ಸೀಟಾ ತಾಯಿ? ನಮ್ಮನೆಯವರ ಉಸಿರು ಅದು. ನೀನೇ ಒಂದು ಸಲ ಸರಿ ಮಾಡು, ನಿನ್ನ ಕಾಲಿಗೆ ಬೀಳ್ತೀನಿ.”

ಹುಡುಗಿ ಪಾಪ ಪ್ರಯತ್ನಪಟ್ಟಳು. ಅವಳ ಕಂಪ್ಯೂಟರಿನಲ್ಲೂ ಗೊಂಬೆ ಕೈ ಬೀಸುತ್ತಿತ್ತು. ಕೊನೆಗೆ ತಲೆ ತಗ್ಗಿಸಿ, “ಆ ಜಾಗ ಆಗಲೇ ಇನ್ನೊಬ್ಬರಿಗೆ ಹೋಗಿಬಿಟ್ಟಿದೆ. ಅವರೂ ತುಂಬ ದಿನದಿಂದ ಕಾಯ್ತಿದ್ರು,” ಅಂದಳು.

ಅಕ್ಕ ಹೊರಗಿನ ಬೆಂಚಿನ ಮೇಲೆ ಕುಸಿದಳು. ಕೈ ಮುಗಿದಳು, ಆದರೆ ಕೇಳುವುದಕ್ಕೆ ಬಾಯಿ ಬರಲಿಲ್ಲ. ಆ ದಿನ ವಾಪಸು ಕೊಡಪ್ಪ ಅಂದರೆ, ಇನ್ನೊಬ್ಬಳ ಗಂಡನ ಉಸಿರು ಕಿತ್ತುಕೊಡು ಅಂದ ಹಾಗಲ್ಲವೇ? ಆ ಮನೆಯಲ್ಲಿ ಈಗ ಯಾರೋ ಹಗುರವಾಗಿ ಅಳುತ್ತಿರಬಹುದು. ಮುಗಿದ ಕೈ ಹಾಗೇ ಮಡಿಲಿಗೆ ಇಳಿಯಿತು.

ಮನೆಗೆ ಬಂದು ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದಳು. ಗಂಡ ಸೂರು ನೋಡುತ್ತ ಮಲಗಿದ್ದ.

“ಹೋಗ್ಲಿ ಬಿಡೇ, ಅಳಬೇಡ,” ಅಂದ. ಅಷ್ಟು ಹೇಳುವುದಕ್ಕೂ ಅವನು ನಡುವೆ ನಿಂತು ಉಸಿರೆಳೆದುಕೊಳ್ಳಬೇಕಾಯಿತು.