ಮಲಗಿದ ಝೆಡ್

ಗಿಲೇನ್, ಬೆಜಾನ್ಸೋ ಎಂಬ ಊರಿನ ಗಡಿಯಾರದ ಕಾರ್ಖಾನೆಯವನ ಮಗಳು. ನಮ್ಮ ಪ್ರಯೋಗಾಲಯಕ್ಕೆ ಬಂದ ಮೇಲೂ ಅವಳದು ಸುತ್ತುವುದರ ಲೆಕ್ಕವೇ. ಉಗುರಿನಷ್ಟಗಲದ ಹರಳಿನ ಬಿಲ್ಲೆಯ ಅಂಚಿನೊಳಗೆ ಸಿಕ್ಕಿಬಿದ್ದ ಬೆಳಕು ಗಾಣದ ಎತ್ತಿನ ಹಾಗೆ ಸುತ್ತುತ್ತದೆ. ಸುತ್ತು ಮುಗಿಸಿ ತನ್ನ ಹೆಜ್ಜೆಯ ಮೇಲೇ ಹೆಜ್ಜೆಯಿಡುವ ಬಣ್ಣ ಉಳಿಯುತ್ತದೆ, ಮಿಕ್ಕದ್ದು ಆರಿಹೋಗುತ್ತದೆ. ಯಾವುದು ಉಳಿದೀತೆಂದು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ಹೇಳುವುದು ಗಿಲೇನಳ ಕೆಲಸ. ಅಳೆದು ನೋಡುವುದು ನನ್ನದು. ನಮ್ಮಿಬ್ಬರದು ಎಣ್ಣೆ-ಸೀಗೆಕಾಯಿ ಸಂಬಂಧ.

ಆ ಸಲದ ಹೊಸ ಬಿಲ್ಲೆಗೆ ಅವಳ ಲೆಕ್ಕ ಒಂದು ಹೇಳಿತು, ನನ್ನ ಅಳತೆ ಇನ್ನೊಂದು.

"ನಿನ್ನ ಯಂತ್ರಕ್ಕೆ ಪೊರೆ ಬಂದಿದೆ, ಒರೆಸ್ಕೋ."

"ನಿನ್ನ ಪ್ರೋಗ್ರಾಮಿಗೆ ಅರಳುಮರಳು," ಎಂದೆ ನಾನು.

ನಾವು ನಕ್ಕರೂ ಮುಖ್ಯಸ್ಥ ತಿಯೆರಿ ನಗಲಿಲ್ಲ. ಶುಕ್ರವಾರದೊಳಗೆ ತಾಳೆಯಾಗದಿದ್ದರೆ ಅವಳ ಪ್ರೋಗ್ರಾಮನ್ನು ಮೂಲೆಗಿಟ್ಟು ಸಿದ್ಧವಾದದ್ದನ್ನು ಕೊಳ್ಳುವುದಾಗಿ ಹೇಳಿಬಿಟ್ಟ. ನೌಕರಿಯುದ್ದಕ್ಕೂ ಅವಳು ತಿದ್ದಿ ತೀಡಿದ ಪ್ರೋಗ್ರಾಮ್ ಅದು. ಅವಳ ಮುಖ ನೋಡಿ ಇನ್ನೊಮ್ಮೆ ಅಳೆದೆ, ಬಂದದ್ದು ಅದೇ. ಅವಳಿಗಾಗಿ ಅಳತೆಯನ್ನು ತಿದ್ದಲಾದೀತೇ?

ಗುರುವಾರ ಊಟಕ್ಕೆ ಹರಳು ಕೊಯ್ಯುವ ರೆಜಿಸ್ ಚೀಸ್ ತಂದಿದ್ದ, ತಾನೇ ಮಾಡಿದ ದುಂಡನೆಯ ಮರದ ಹಲಗೆಯ ಮೇಲೆ. ಗಿಲೇನ್ ಏನೂ ತಿನ್ನದೆ ಹಲಗೆಯ ಅಂಚಿನ ಸುತ್ತ ಬೆರಳಾಡಿಸುತ್ತ ಕೂತಳು.

"ಇಲ್ಲಿ ನುಣುಪು, ಇಲ್ಲಿ ತರಿತರಿ, ಮತ್ತೆ ನುಣುಪು. ಯಾಕೋ ರೆಜಿಸ್?"

"ಉದ್ದಕ್ಕೆ ಸೀಳಿದ ಹಲಗೆ ಅಲ್ವಾ ಮಾರಾಯ್ತಿ, ಎಳೆ ಮಲಗಿರುತ್ತೆ. ಬೊಡ್ಡೇನ ಅಡ್ಡ ಕೊಯ್ದಿದ್ರೆ ಸುತ್ತಲೂ ಒಂದೇ ಥರ ಇರ್ತಿತ್ತು."

ಬೆರಳು ನಿಂತಿತು. ಹರಳಿಗೂ ಮರದಂತೆ ಎಳೆಯುಂಟು. ಎಳೆಯ ಗುಂಟ ಬೆಳಕಿಗೆ ಒಂದು ವೇಗ, ಅಡ್ಡಕ್ಕೆ ಇನ್ನೊಂದು. ಲೆಕ್ಕದಲ್ಲಿ ಮುಖ್ಯ ದಿಕ್ಕಿಗೆ ‘ಝೆಡ್’ ಎಂಬ ಅಕ್ಷರ ಹಚ್ಚುವುದು ವಾಡಿಕೆ.

"ರೆಜಿಸ್, ವೇಗ ಝೆಡ್ ಗುಂಟ ಇಷ್ಟು, ಅಡ್ಡಕ್ಕೆ ಇಷ್ಟು ಅಂದಿದ್ಯಲ್ಲ, ನಾನು ಹಾಗೇ ಪ್ರೋಗ್ರಾಮಿಗೆ ತುಂಬಿದೆ. ನಿನ್ನ ಝೆಡ್ ಅಂದ್ರೆ ಯಾವುದೋ?"

"ಹರಳಿನ ಎಳೆ. ಇನ್ಯಾವುದು?"

"ಅಯ್ಯೋ, ನನ್ನ ಝೆಡ್ ಬಿಲ್ಲೆ ನಡುವಿನ ಅಚ್ಚು ಕಣೋ, ಗಾಲಿಗಿರುತ್ತಲ್ಲ ಹಾಗೆ! ನಿನ್ನದು ಬಿಲ್ಲೇಲಿ ನಿಂತಿದ್ಯೋ, ಮಲಗಿದ್ಯೋ?"

"ಮಲಗಿದೆ. ಈ ಹಲಗೆ ಥರಾನೇ."

ಗಿಲೇನಳ ಪ್ರೋಗ್ರಾಮ್ ಅಂದುಕೊಂಡಂತೆಯೇ ಎಳೆ ನಿಂತಿರುವ ಹಳೆಯ ಬಿಲ್ಲೆಯೊಂದು ರೆಜಿಸ್ ಬಳಿಯಿತ್ತು. ಶುಕ್ರವಾರ ಅದನ್ನು ಅಳೆದೆ. ಲೆಕ್ಕವೂ ಅಳತೆಯೂ ಹಾಲು-ಜೇನಿನಂತೆ ಬೆರೆತವು. ಅವಳಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ.

"ನಿಮ್ಮ ಪ್ರೋಗ್ರಾಮ್ ಉಳೀತು," ಎಂದ ತಿಯೆರಿ. "ಇನ್ಮೇಲೆ ಇಂಥಾ ಬಿಲ್ಲೆಗಳನ್ನೇ ಕೊಯ್ಸೋಣ. ಆ ಮಲಗಿದ್ದನ್ನ ಬಿಸಾಕಿ."

ಗಿಲೇನ್ ಅದನ್ನು ಆಗಲೇ ಮುಷ್ಟಿಯಲ್ಲಿ ಹಿಡಿದಿದ್ದಳು. "ಇದನ್ನ ಮಾತ್ರ ಕೊಡಲ್ಲ. ಇದರೊಳಗೆ ಬೆಳಕು ಒಂದು ಸುತ್ತಿಗೆ ಎರಡು ಸಲ ಓಡುತ್ತೆ, ಎರಡು ಸಲ ಕುಂಟುತ್ತೆ. ಹೇಗೆ ಅಂತ ನನ್ನ ಪ್ರೋಗ್ರಾಮಿಗೆ ಗೊತ್ತೇ ಇಲ್ಲ. ಮೊದಲಿಂದ ಬರೀಬೇಕು."

"ಅಲ್ರೀ, ಮತ್ತೆ ಇಷ್ಟು ಒದ್ದಾಡಿ ಹಳೇದನ್ನ ಉಳಿಸಿದ್ದು ಯಾಕೆ?"

ತಿಯೆರಿ ಹೀಗೆ ಕೇಳುವಷ್ಟರಲ್ಲಿ ಗಿಲೇನ್ ಖಾಲಿ ಪರದೆ ತೆರೆದು ಮೊದಲ ಸಾಲು ಬರೆಯುತ್ತಿದ್ದಳು: "ಝೆಡ್ ಅಂದರೆ ಯಾವುದು? ಮೊದಲು ರೆಜಿಸ್‌ನನ್ನು ಕೇಳು."